ಸೆರಗಿನ ಮೂಲೆ

ಮೂರನೆಯ ಸೀರೆಯನ್ನೂ ಲಾವಣ್ಯ ಕಿಟಕಿಯ ಬೆಳಕಿಗೆ ಹಿಡಿದಳು. ಇದರಲ್ಲೂ ಅದೇ. ಸೆರಗಿನ ಒಂದು ಮೂಲೆ ಹಗ್ಗದಂತೆ ಹೊಸೆದುಕೊಂಡು, ನೂಲು ಸವೆದು, ಇಸ್ತ್ರಿಗೂ ಬಗ್ಗದಂತಾಗಿತ್ತು. ಉಳಿದ ಸೀರೆ ಅಚ್ಚುಕಟ್ಟಾಗಿತ್ತು.

“ಯಾವ್ದಾದ್ರೂ ಒಂದು ಕೊಡೇ, ನಿಮ್ಮಮ್ಮಂಗೆ ಸ್ನಾನ ಆಯ್ತು” ಎಂದು ಬಾಗಿಲಲ್ಲಿ ನಿಂತು ರಾಮಮ್ಮತ್ತೆ ಅವಸರ ಮಾಡಿದರು.

“ಅತ್ತೆ, ಅಮ್ಮನ ಸೆರಗೆಲ್ಲಾ ಯಾಕೆ ಹಿಂಗಾಗಿದೆ?”

“ಇವತ್ತು ಕೇಳೋ ಮಾತಾ ಇದು? ಒಲೆ ಹತ್ರ ಕೈ ಒರೆಸ್ಕೊಂಡಿರ್ತಾಳೆ. ಕೊಡು.”

ಕೈ ಒರೆಸಿದರೆ ಕಲೆಯಾಗುತ್ತದೆ, ಹೀಗೆ ಹೊಸೆದುಕೊಳ್ಳುವುದಿಲ್ಲ. ಲಾವಣ್ಯ ಹಸಿರು ಕೈಮಗ್ಗದ ಸೀರೆಯನ್ನು ಕೊಟ್ಟು ಕೆಳಗಿಳಿದಳು.

ಬಾಗಲಗುಂಟೆಯ ಆ ಮನೆಯ ಕೆಳಗಿನ ಹಜಾರವೇ ಅಮ್ಮನ, ಎಲ್ಲರ ವನಜಾ ಮಿಸ್‌ನ, ಮಾಂಟೆಸರಿ ಶಾಲೆ. ಮಕ್ಕಳ ಚಾಪೆಗಳನ್ನು ಸುತ್ತಿಟ್ಟು, ಮೊಣಕಾಲೆತ್ತರದ ಕಪಾಟುಗಳನ್ನು ಗೋಡೆಗೆ ಸರಿಸಿ, ನಡುವೆ ಜಾಗ ಮಾಡಿದ್ದರು. ಕೊನೆಯ ದರ್ಶನಕ್ಕೆ ಬಂದ ಮಕ್ಕಳ ತಂದೆತಾಯಿಯರೆಲ್ಲ ಲಾವಣ್ಯಳ ಕೈ ಹಿಡಿದು ಒಂದೇ ಮಾತು ಹೇಳಿದರು: “ಎಂಥಾ ತಾಳ್ಮೆ ನಿಮ್ಮಮ್ಮಂದು!”

ಯಾರ ಬಗ್ಗೆ ಹೇಳುತ್ತಿದ್ದಾರೆ ಇವರು?

*

ಒಂಬತ್ತನೇ ಕ್ಲಾಸಿನ ಲಾವಣ್ಯ ಹೊಸಿಲ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾಳೆ. ಒಂದು ಕುಣಿಕೆ ಬಂತು. ಇನ್ನೊಂದು ಜಾರಿತು.

“ಬಿಡು ಇಲ್ಲಿ, ಬಸ್ ಹೋಗ್ಬಿಡುತ್ತೆ.” ಅಮ್ಮ ಬಗ್ಗಿ ಕೈ ಸರಿಸಿ, ಬಿಗಿದು, ಎದ್ದಾಗಿತ್ತು.

ಜಡೆ ಅಮ್ಮನೇ ಹಾಕಬೇಕು. ಪುಸ್ತಕದ ಹೊದಿಕೆಯನ್ನೂ ಅಮ್ಮನೇ. ಕಿತ್ತಳೆ ಸುಲಿದು ಬಿಡಿಸಿ ತಟ್ಟೆಗೆ ಬರುತ್ತಿತ್ತು. ತನ್ನ ಕೈಯಲ್ಲಿ ಏನೂ ಆಗದೆಂದು ಅಮ್ಮ ನಂಬಿದ್ದಾಳೆ ಎಂದುಕೊಂಡೇ ಲಾವಣ್ಯ ಮೈಸೂರಿನ ಹಾಸ್ಟೆಲಿಗೆ ಹೋದಳು. ಅಮ್ಮ ತರಬೇತಿ ಪಡೆದು ಶಾಲೆ ತೆರೆದದ್ದು ಆಮೇಲೆ. ಒಂದು ದಿನವೂ ಲಾವಣ್ಯ ಅದು ನಡೆಯುವುದನ್ನು ಕೂತು ನೋಡಿರಲಿಲ್ಲ.

*

ಶಾಲೆಯ ಆಯಾ ಮುನಿಯಕ್ಕ ಮೂಲೆಯಲ್ಲಿ ಕೂತು ತುಳಸಿ ಬಿಡಿಸುತ್ತಿದ್ದಳು. ಲಾವಣ್ಯ ಪಕ್ಕದಲ್ಲಿ ಕೂತಳು.

“ಮುನಿಯಕ್ಕ, ಅಮ್ಮ ಇಲ್ಲಿ ಮಕ್ಕಳಿಗೆ ಅವಸರ ಮಾಡ್ತಿರ್ಲಿಲ್ವಾ?”

“ಬಾಯಿ ಸುಮ್ನಿರೋದು ಕಣಮ್ಮ. ಕೈದೇ ಕಷ್ಟ.” ಮುನಿಯಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. “ಇಲ್ಲಿ ಬೆಳಿಗ್ಗೆ ಬಂದ್ರೆ ಮಕ್ಳೇ ಚಾಪೆ ಆಸ್ಕೋಬೇಕು. ಜಗ್ಗಿಂದ ಜಗ್ಗಿಗೆ ನೀರು ಉಯ್ಯಬೇಕು. ಚೆಲ್ಲುದ್ರೆ ಚೆಲ್ಲಿದೋರೇ ಬಟ್ಟೆ ತಂದು ಒರಸ್ಬೇಕು. ಕೇಳೋಗಂಟ ನಾವು ಕೈ ಆಕಂಗಿಲ್ಲ. ಮಗು ಗುಂಡಿ ಆಕ್ಕೊಳಕ್ಕೆ ಒದ್ದಾಡ್ತಿದ್ರೆ ಮಿಸ್ ಕೈ ತಾನಾಗೇ ಮುಂದಕ್ಕೋಗೋದು. ಅದ್ಕೇ ಕೈ ಇಂದಕ್ಕೆ ಕಟ್ಕಂಡು, ಸೆರಗು ಇಡ್ಕಂಡು ನಿಂತ್ಬುಡೋರು. ತಿರುವಿದ್ದೇ ತಿರುವಿದ್ದು. ‘ಅದೇನು ರಾಗಿಕಲ್ಲಾ ಮಿಸ್?’ ಅಂತ ನಗೋಳು ನಾನು.”

ಲಾವಣ್ಯ ತುಳಸಿಯ ಎಲೆಯೊಂದನ್ನು ಎತ್ತಿಕೊಂಡಳು. “ಅಮ್ಮ ಏನಂತಿದ್ರು?”

“‘ಕೈ ಸುಮ್ನಿರೋದು ಕಲಿಯೋ ಹೊತ್ತಿಗೆ ಮನೆ ಮಗು ದೊಡ್ಡದಾಗೋಯ್ತು ಮುನಿಯಕ್ಕ’ ಅನ್ನೋರು.”

*

ಹಸಿರು ಸೀರೆಯುಟ್ಟು ವನಜಾ ಹಜಾರದ ನಡುವೆ ಮಲಗಿದ್ದರು. ಒಬ್ಬೊಬ್ಬರಾಗಿ ಬಾಯಿಗೆ ತುಳಸಿನೀರು ಬಿಟ್ಟು ಸರಿದರು. ಕೊನೆಗೆ ಉಳಿದವಳು ಶಾಲೆಯ ಮಗು, ನಾಲ್ಕು ವರ್ಷದ ಭಾಗ್ಯಶ್ರೀ. ಅವಳಪ್ಪ ಯಮನೂರ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ರಾಯಚೂರಿನ ಕಡೆಯವನು.

“ಬೇಗ ಮುಗಿಸ್ರಪ್ಪಾ, ರಾಹುಕಾಲ ಬರುತ್ತೆ” ಎಂದರು ರಾಮಮ್ಮತ್ತೆ.

ಭಾಗ್ಯಶ್ರೀ ಚಮಚವನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಬಗ್ಗಿಸಿದಳು. ನೀರು ತುಟಿ ದಾಟಿ ಗಲ್ಲಕ್ಕೆ, ಅಲ್ಲಿಂದ ಕುತ್ತಿಗೆಗೆ ಹರಿಯಿತು.

“ಆತು ಬಾರವಾ, ಸಾಕು” ಎಂದು ಯಮನೂರ ನಾಚಿ ಕರೆದ.

ಅವಳು ಕೇಳಿಸಿಕೊಳ್ಳಲಿಲ್ಲ. ಚಮಚವನ್ನು ಲೋಟದೊಳಗೆ ಸದ್ದಾಗದಂತೆ ಇಟ್ಟು, ಗೋಡೆಯ ಕಪಾಟಿಗೆ ಹೋಗಿ, ಮಡಿಸಿಟ್ಟಿದ್ದ ಹಳದಿ ಬಟ್ಟೆಯನ್ನು ತಂದಳು. ರಾಮಮ್ಮತ್ತೆ ಬಗ್ಗಿ ಅದಕ್ಕೆ ಕೈ ಚಾಚಿದರು. “ತಾ ಪುಟ್ಟಿ, ನಾನು ಒರೆಸ್ತೀನಿ.”

“ಬಿಡಿ ಅತ್ತೆ” ಎಂದಳು ಲಾವಣ್ಯ. “ಚೆಲ್ಲಿದ್ದು ಅವಳು. ಅವಳೇ ಒರೆಸ್ಲಿ.”

“ವ್ಯಾನ್ ಕಾಯ್ತಿದೆ ಕಣೇ!”

“ಕಾಯ್ಲಿ.”

ಭಾಗ್ಯಶ್ರೀ ಗಲ್ಲ ಒರೆಸಿದಳು. ಕುತ್ತಿಗೆ ಒರೆಸಿದಳು. ಹೊರಗೆ ಹಾರನ್ ಕೂಗಿತು. ಅವಳು ಬಟ್ಟೆಯನ್ನು ಒಣ ಮಗ್ಗುಲಿಗೆ ತಿರುವಿ, ಮಿಸ್‌ನ ಕಿವಿಯ ಹಿಂದೆ ಇಳಿದ ಹನಿಯನ್ನು ಹುಡುಕತೊಡಗಿದಳು. ಲಾವಣ್ಯ ಅಲುಗಾಡದೆ ನಿಂತಿದ್ದಳು. ಅವಳ ಬೆನ್ನ ಹಿಂದೆ, ಬೆರಳುಗಳ ನಡುವೆ, ದುಪಟ್ಟದ ಮೂಲೆ ಹಗ್ಗವಾಗುತ್ತಿತ್ತು.