ಒಂದು ಅಂಕಣ ಖಾಲಿ ಬಿಟ್ಟ ಎವರಿಸ್ತೋ

"ಎವರಿಸ್ತೋನ ಕಣ್ಣಿಗೆ ದೂರ ಅನ್ನೋದೇ ತಿಳಿಯಲ್ಲ ಕಣೇ, ಅವನ ಚಿತ್ರದಲ್ಲಿ ಆಚೆ ಬೆಟ್ಟದ ಕುರಿಗೂ ಈಚೆ ಅಂಗಳದ ಕುರಿಗೂ ಒಂದೇ ಮೈ!" ಎಂದು ನೆರೆಯ ಹೆಂಗಸರು ಉಣ್ಣೆ ನೂಲುತ್ತಾ ನಗುತ್ತಿದ್ದರು. ಮಾತು ಸುಳ್ಳಲ್ಲ. ಅಯಾಕುಚೋ ಸೀಮೆಯ ನಮ್ಮ ಬೆಟ್ಟದೂರಿನಲ್ಲಿ ಯಾರಾದರೂ ಹೊಸ ಮನೆ ಕಟ್ಟಿದರೆ, ಅವರ ಮಕ್ಕಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತು ಬಂಧುವಾದವನು ಒಂದೂವರೆ ಆಳುದ್ದದ ಹಲಗೆಯೊಂದನ್ನು ಬರೆಸಿ, ವಾದ್ಯಸಮೇತ ಹೊತ್ತು ತಂದು ಸೂರಿನ ತೊಲೆಗೆ ಕಟ್ಟಬೇಕು. ಅಡಿಯ ಅಂಕಣದಲ್ಲಿ ಕನ್ಯಾಮಾತೆ ಮರಿಯಮ್ಮ, ಅದರ ಮೇಲೆ ಮನೆಯ ಗಂಡಹೆಂಡಿರು, ಆಮೇಲೆ ಒಡಹುಟ್ಟಿದ ಒಬ್ಬೊಬ್ಬರ ಸಂಸಾರಕ್ಕೂ ಒಂದೊಂದು ಅಂಕಣ, ತುದಿಯಲ್ಲಿ ಸೂರ್ಯ. ಆ ಹಲಗೆಗಳನ್ನೆಲ್ಲ ನಲವತ್ತು ವರ್ಷ ಬರೆದವನು ಎವರಿಸ್ತೋ: ಎಡಭುಜ ಇಳಿಬಿಟ್ಟು ಓರೆಯಾಗಿ ನಡೆಯುವ, ಟೋಪಿಗೆ ಕೋಳಿಗರಿಯ ಕುಂಚ ಸಿಕ್ಕಿಸಿಕೊಂಡೇ ಚರ್ಚಿಗೂ ಹೋಗುವ, ಬಣ್ಣ ಕಲಸುವ ಮುನ್ನ ಹಲಗೆಯ ಮೇಲೆ ಗೇಣು ಹಾಕುತ್ತಾ ಅರ್ಧ ದಿನ ಧ್ಯಾನಸ್ಥನಂತೆ ಕೂರುವ ಆಸಾಮಿ.

ಒಮ್ಮೆ ಶಾಲೆಗೆ ಬಂದ ಹೊಸ ಮೇಷ್ಟ್ರು, ದೂರದ್ದನ್ನು ಚಿಕ್ಕದಾಗಿ ಬರೆದರೆ ಚಪ್ಪಟೆ ಹಲಗೆಯಲ್ಲೂ ಆಳ ಹುಟ್ಟುತ್ತದೆಂದು ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಎವರಿಸ್ತೋ ಟೋಪಿ ತೆಗೆದು ನೋಡಿದ.

"ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ನನ್ನ ತಮ್ಮ ಲಿಮಾದಲ್ಲಿದ್ದಾನೆ. ದೂರ ಇದ್ದಾನೆ ಅಂತ ಅವನನ್ನ ಜೋಳದ ಕಾಳಷ್ಟು ಬರೆದ್ರೆ, ಅವನ ಹೆಂಡ್ತಿ ಬಸ್ಸು ಹತ್ಕೊಂಡು ಬಂದು ನನ್ನ ಕೈ ಮುರೀತಾಳೆ."

ಅಂಥವನ ಕೈ ಕಟ್ಟಿದ್ದು ಮಾಕ್ಸಿಮೋನ ಹೊಸ ಮನೆಯ ಹಲಗೆ. ಹೊಲಕ್ಕೆ ನೀರು ತಿರುಗಿಸುವ ಸರದಿಯ ಜಗಳದಲ್ಲಿ ತಂಗಿ ಸತುರ್ನಿನಾಳೊಡನೆ ಮಾತು ಬಿಟ್ಟಿದ್ದ ಮಾಕ್ಸಿಮೋ, ಅಂಕಣಗಳ ಮಸಿಗೆರೆ ಎಳೆದು ಮುಗಿದ ಮೇಲೆ ಬಂದು ನಿಂತ.

"ತಾಯ್ತಾ, ಅವಳನ್ನ ಬರೀಬೇಡ," ಎಂದ. ನಮ್ಮಲ್ಲಿ ಹಿರಿಯರನ್ನು ಕರೆಯುವುದು ಹಾಗೆ, 'ಅಪ್ಪಾ' ಅಂದಂತೆ.

"ಗೆರೆ ಬಿದ್ದಾಯ್ತಲ್ಲೋ. ಹಲಗೆಗೆ ಬಳಿದ ಸುಣ್ಣದ ಮೇಲಿನ ಮಸಿ ಅಳಿಸಿದ್ರೆ ಹೋಗುತ್ತಾ?"

"ಅಲ್ಲಿಗೊಂದು ಗೂಳಿ ಬರೆದುಬಿಡು."

"ನಿಮ್ಮವ್ವ ಗೂಳಿ ಹೆತ್ತಿದ್ಲೇನೋ?"

ಆ ಅಂಕಣವನ್ನು ಎವರಿಸ್ತೋ ಬಿಳಿಯಾಗಿಯೇ ಬಿಟ್ಟ. ಹಲಗೆ ಬೀದಿಯಲ್ಲಿ ಮೆರವಣಿಗೆ ಬಂದ ದಿನ ಸೂರ್ಯನನ್ನು ಯಾರೂ ನೋಡಲಿಲ್ಲ, ಮರಿಯಮ್ಮನನ್ನೂ ನೋಡಲಿಲ್ಲ. ಎಲ್ಲರ ಕಣ್ಣೂ ಆ ಬಿಳುಪಿಗೇ. ಉಣ್ಣಲು ಬಂದವರೆಲ್ಲ ತಲೆಯೆತ್ತಿ, "ಸತುರ್ನಿನಾ ಹೇಗಿದ್ದಾಳಪ್ಪಾ?" ಎಂದೇ ಕೇಳಿದರು. ಆರು ವರ್ಷ ಮಾಕ್ಸಿಮೋ ಆ ಬಿಳುಪಿನ ಕೆಳಗೆ ಉಂಡ, ಮಲಗಿದ, ನಿದ್ದೆ ಮಾತ್ರ ಮಾಡಲಿಲ್ಲ.

ಉಸಿರು ಕುಗ್ಗಿದ ಎವರಿಸ್ತೋನನ್ನು ಲಿಮಾಕ್ಕೆ ಕರೆದೊಯ್ಯಲು ಮಗಳು ಬಂದ ಬೆಳಗ್ಗೆ, ಹಲಗೆ ಬಿಚ್ಚಿ ಹೊತ್ತುಕೊಂಡು ಮಾಕ್ಸಿಮೋ ಮುದುಕನ ಬಾಗಿಲಲ್ಲಿದ್ದ. ಅವನ ಹಿಂದೆ, ಮುಖ ಅತ್ತ ತಿರುಗಿಸಿಕೊಂಡು, ಸತುರ್ನಿನಾ.

"ನೀನು ಹೋದ್ರೆ ಇದನ್ನ ತುಂಬೋರು ಯಾರು, ತಾಯ್ತಾ?"

"ಅಪ್ಪಾ, ಬಸ್ಸು ಹೊರಡುತ್ತೆ," ಮಗಳು ಅವಸರಿಸಿದಳು.

"ಹೊರಡ್ಲಿ. ನಾಳೆ ಇನ್ನೊಂದಿಲ್ವಾ?" ಎಂದು ಎವರಿಸ್ತೋ ಟೋಪಿಯ ಕುಂಚ ತೆಗೆದು ಗೋಡೆಗೊರಗಿ ಕೂತ. "ಚಿತ್ರದಲ್ಲಿ ನಿನ್ನ ಕೈಗೆ ಏನು ಕೊಡ್ಲೇ, ಸತುರ್ನಿನಾ?"

"ಗುದ್ದಲಿ ಕೊಡು. ನೀರು ತಿರುಗಿಸೋದು ನಂಗೂ ಬರುತ್ತೆ ಅಂತ ಇವನಿಗೆ ದಿನಾ ಕಾಣ್ಲಿ."

ಮಾಕ್ಸಿಮೋ ಹಲ್ಲು ಕಚ್ಚಿಕೊಂಡ. ಎವರಿಸ್ತೋ ಬರೆಯತೊಡಗಿದ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನ ಗೆರೆ ತಪ್ಪಿ, ಗುದ್ದಲಿ ಅಣ್ಣನ ಅಂಕಣದೊಳಕ್ಕೆ ನುಗ್ಗಿತು. ಮುದುಕ ಗಾಬರಿಯಾದ.

"ಇರ್ಲಿ ಬಿಡು ತಾಯ್ತಾ," ಎಂದ ಮಾಕ್ಸಿಮೋ.

ಮರುದಿನ, ಬಣ್ಣವಿನ್ನೂ ಹಸಿಯಿರುವಾಗಲೇ, ಎವರಿಸ್ತೋ ಮಗಳ ಹೆಗಲು ಹಿಡಿದು ಕಡೆಯ ಸಲ ಹೊಸ್ತಿಲಿಳಿದ. ಇಂಥವರು ತಾವು ನಿಂತ ಕಡೆಯಿಂದ ಲೋಕವನ್ನು ಅಳೆಯುವವರಲ್ಲ. ಯಾರು ಯಾರಿಗೆ ಏನಾಗಬೇಕೆಂದು ನೋಡಿ, ಅಷ್ಟು ಮಂದಿಗೂ ಜಾಗ ಮಾಡಿಕೊಟ್ಟು, ತಮ್ಮ ಹೆಸರಿಗೊಂದು ಮೂಲೆಯನ್ನೂ ಉಳಿಸಿಕೊಳ್ಳದೆ ಎದ್ದು ನಡೆದುಬಿಡುತ್ತಾರೆ.