ತಲೆಗೆ ಹನ್ನೆರಡು ಕಿಲೋ

ಸಮುದ್ರದಂಚಿನ ನಮ್ಮ ಊರು ವೆಸ್ಟರ್‌ವೀರುಮ್‌ನಿಂದ ಬ್ರಸೆಲ್ಸ್‌ಗೆ ಹೋಗಿ ಬರಲು ಏಳುನೂರ ಎಂಬತ್ತು ಕಿಲೋಮೀಟರ್. ಐವತ್ತು ಆಸನಗಳ ಡೀಸೆಲ್ ಬಸ್ಸೊಂದು ಅಷ್ಟು ದೂರ ಓಡಿದರೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಐನೂರ ನಲವತ್ತಾರು ಕಿಲೋ. ಈ ಎರಡು ಸಂಖ್ಯೆಗಳನ್ನು ನಮ್ಮ ಊರಿನ ಹವಾಮಾನ ಬಳಗದ ಮುಂದಿಟ್ಟವಳು ನಾನೇ. ರಸಾಯನಶಾಸ್ತ್ರದ ಪದವಿ ಮುಗಿಸಿ ಊರಿಗೆ ಮರಳಿದ ತಿಂಗಳಲ್ಲೇ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದ್ದರು. ಬಳಗದಲ್ಲಿ ಭಾಗಾಕಾರವನ್ನು ಗೌರವಿಸುವವರು ಬಹಳ ಮಂದಿ ಇದ್ದರು. ಅದನ್ನು ಮಾಡಬಲ್ಲವರು ಬೇಕಾಗಿದ್ದರು.

ಬ್ರಸೆಲ್ಸ್‌ನ ದೊಡ್ಡ ಹವಾಮಾನ ಮೆರವಣಿಗೆಗೆ ನಾವು ಹೊರಟದ್ದು ಫ್ರೌಕೆ ಅತ್ತೆಯ ಸಲುವಾಗಿ. ಆಕೆ ನನ್ನ ಸಂಬಂಧಿಯಲ್ಲ, ಊರಿಗೆಲ್ಲ ಅತ್ತೆ. ಎಪ್ಪತ್ನಾಲ್ಕು ವರ್ಷ, ಎಡ ಮೊಣಕಾಲು ಬಾಗುವುದಿಲ್ಲ. ಸಮುದ್ರದ ಒಡ್ಡಿನ ಹಿಂದೆ ಆಕೆಯ ಮನೆ, ಮನೆಯ ಹಿಂದೆ ಹೊಲಗಳ ನಡುವೆ ಹರಿಯುವ ಕಾಲುವೆ. ಮೂವತ್ತೊಂದು ವರ್ಷಗಳಿಂದ ಪ್ರತಿ ಶನಿವಾರ ಬೆಳಿಗ್ಗೆ ಆಕೆ ಆ ಕಾಲುವೆಯ ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಸಮುದ್ರವು ಒಡ್ಡನ್ನು ಹಾರದೆ, ಅದರ ಬುಡದಿಂದಲೇ ಸದ್ದಿಲ್ಲದೆ ಒಳಗೆ ಬರುತ್ತಿದೆ ಎಂಬುದು ಆ ಸಂಖ್ಯೆಗಳ ಸಾರ. ಪ್ರತಿ ಜನವರಿಯಲ್ಲಿ ಆಕೆ ಅವನ್ನು ನೀರಿನ ಮಂಡಳಿಗೆ ಕಳಿಸುತ್ತಿದ್ದಳು. ಪ್ರತಿ ಫೆಬ್ರವರಿಯಲ್ಲಿ, ತಮ್ಮ ಆಸಕ್ತಿಗೆ ಧನ್ಯವಾದಗಳು ಎಂಬ ಪತ್ರ ಬರುತ್ತಿತ್ತು.

ಈ ವರ್ಷ ಮೆರವಣಿಗೆಯ ಸಂಘಟಕರು ಆಕೆಗೆ ವೇದಿಕೆಯ ಮೇಲೆ ನಾಲ್ಕು ನಿಮಿಷ ಕೊಟ್ಟಿದ್ದರು: ಭಾನುವಾರ ಮಧ್ಯಾಹ್ನ ಒಂದು ಗಂಟೆ ನಲವತ್ತಕ್ಕೆ. ಒಂದೂ ಇಪ್ಪತ್ತೈದರೊಳಗೆ ವೇದಿಕೆಯ ಮೆಟ್ಟಿಲ ಬಳಿ ಇರದಿದ್ದರೆ ಆ ಸಮಯ ಮುಂದಿನವರಿಗೆ ಹೋಗುತ್ತದೆ ಎಂದು ಪತ್ರದಲ್ಲಿ ದಪ್ಪಕ್ಷರಗಳಲ್ಲಿ ಬರೆದಿತ್ತು. ಮೂವತ್ತೊಂದು ವರ್ಷಗಳಲ್ಲಿ ಆ ಸಂಖ್ಯೆಗಳನ್ನು ಕೇಳುತ್ತೇವೆಂದು ಹೇಳಿದ ಮೊದಲಿಗರು ಅವರು. ಅತ್ತೆ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುವ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದಳು.

ಪ್ರಯಾಣ ಹೇಗಿರಬೇಕೆಂದು ನಿರ್ಧರಿಸಲು ಬಳಗ ಒಂಬತ್ತು ಸಭೆ ಸೇರಿತು. ನಮ್ಮಲ್ಲಿ ಮತದಾನವಿಲ್ಲ. ಪ್ರತಿಯೊಬ್ಬರೂ ಒಪ್ಪುವವರೆಗೆ ಕಾಫಿ ಕುಡಿಯುತ್ತೇವೆ, ತಲಾ ಒಂದು ಬಿಸ್ಕತ್ತಿನೊಂದಿಗೆ. ಆ ಭಾನುವಾರ ಹಳಿ ರಿಪೇರಿ ಇದ್ದುದರಿಂದ ರೈಲು ಮೊದಲ ಸಭೆಯಲ್ಲೇ ಬಿದ್ದುಹೋಯಿತು. ಅಧ್ಯಕ್ಷ ಎವರ್ಟ್, ನಿವೃತ್ತ ಭೂಗೋಳದ ಮೇಷ್ಟ್ರು, ಐದು ದಿನಗಳ ಸೈಕಲ್ ಯಾತ್ರೆಯನ್ನು ಸೂಚಿಸಿದರು. ಅತ್ತೆಯ ಮೊಣಕಾಲನ್ನು ನೆನಪಿಸಿದಾಗ, ಆಕೆಯನ್ನು ಸರಕು ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ತುಳಿಯಬಹುದು ಎಂದರು. ಅದಕ್ಕೆ ಎರಡು ಸಭೆ ಹಿಡಿದವು. ಕೊನೆಗೆ ಬಸ್ಸು ಎಂದಾಯಿತು. ಆದರೆ ಬಸ್ಸಿನಲ್ಲಿ ಹೋಗಿ ಹೊಗೆಯ ವಿರುದ್ಧ ಕೂಗುವುದು ಹೇಗೆ ಎಂಬ ಸಂಕಟ ಉಳಿಯಿತು. ಆ ಸಂಕಟಕ್ಕೆ ಮದ್ದಾಗಿ ನಾನು ತಲೆವಾರು ಮಿತಿಯೊಂದನ್ನು ಸೂಚಿಸಿದೆ. ನಾನು ಹದಿಮೂರು ಕಿಲೋ ಎಂದೆ, ಎವರ್ಟ್ ಹತ್ತು ಎಂದರು. ಮೂರು ಸಭೆಗಳ ನಂತರ ಹನ್ನೆರಡಕ್ಕೆ ಒಮ್ಮತ ಮೂಡಿತು. ಹೋಗುವಾಗಲಾಗಲಿ ಬರುವಾಗಲಾಗಲಿ, ಇಡೀ ಪ್ರಯಾಣದ ಹೊಗೆಯನ್ನು ಆಗ ಬಸ್ಸಿನಲ್ಲಿರುವವರಿಗೆ ಹಂಚಿದರೆ ತಲೆಗೆ ಹನ್ನೆರಡು ಕಿಲೋ ಮೀರುವುದಾದರೆ ಬಸ್ಸು ಹೊರಡುವಂತಿಲ್ಲ ಎಂಬ ನಿಯಮವನ್ನು ಬರೆದವಳೂ ನಾನೇ. ಪ್ರಯಾಣದಲ್ಲಿನ ಯಾವ ತೀರ್ಮಾನಕ್ಕೂ ಎಲ್ಲ ಪ್ರಯಾಣಿಕರ ಒಪ್ಪಿಗೆ ಬೇಕೆಂದೂ ಸೇರಿಸಿದೆ. ಎಲ್ಲರೂ ಸಹಿ ಹಾಕಿದರು.

ಈ ಒಂಬತ್ತೂ ಸಭೆಗಳಲ್ಲಿ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು. ಅದು ಕಾರ್ಯಸೂಚಿಯ ಕೊನೆಯ ಅಂಶವೆಂದು ಪ್ರತಿ ಸಲವೂ ಉತ್ತರ ಸಿಕ್ಕಿತು. ಕೊನೆಯ ಅಂಶದವರೆಗೆ ನಾವು ಎಂದೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಚರ್ಚಿನ ಮುಂದೆ ಬಸ್ಸು ನಿಂತಿತ್ತು. ನಲವತ್ತಾರು ಜನ ಹೆಸರು ಕೊಟ್ಟಿದ್ದರು. ಐನೂರ ನಲವತ್ತಾರನ್ನು ನಲವತ್ತಾರರಿಂದ ಭಾಗಿಸಿದರೆ 11.87. ಬಂದವರು ನಲವತ್ಮೂರು. ಮೂವರ ಒಂದು ಕುಟುಂಬದಿಂದ ಸಂದೇಶ ಬಂತು: ಮಗಳ ಹಾಕಿ ಪಂದ್ಯ ಹಿಂದಿನ ವಾರ ಮಳೆಯಿಂದ ನಿಂತು ಇವತ್ತಿಗೆ ಬಂದಿದೆ, ಮನಸ್ಸಿನಿಂದ ನಿಮ್ಮೊಂದಿಗಿದ್ದೇವೆ. ಮನಸ್ಸುಗಳನ್ನು ಭಾಜಕಕ್ಕೆ ಸೇರಿಸುವ ಅವಕಾಶ ನಿಯಮದಲ್ಲಿ ಇರಲಿಲ್ಲ. 12.70.

ಬಸ್ಸು ನಿಂತಲ್ಲೇ ಹತ್ತನೆಯ ಸಭೆ ಆರಂಭವಾಯಿತು. ಡ್ರೈವರನ್ನು ಸೇರಿಸಿಕೊಂಡರೆ ಹೇಗೆ ಎಂದು ಎವರ್ಟ್ ಕೇಳಿದರು. 12.41 ಎಂದೆ.

"ನನ್ನನ್ನ ಮೂರು ಸಲ ಎಣಿಸ್ಕೊಳ್ಳಿ," ಎಂದ ಡ್ರೈವರ್ ವುಬ್ಬೊ. "ಮೂರು ಜನದಷ್ಟು ತಿಂತೀನಿ ಅಂತ ಮನೇಲಿ ದಿನಾ ಹೇಳಿಸ್ಕೊಳ್ತೀನಿ."

ಎವರ್ಟ್ ಅವರ ಕಣ್ಣು ನಾಲ್ಕು ತಿಂಗಳ ಬಸುರಿ ರೂಲೀನ್‌ಳ ಕಡೆ ಹೊರಳಿತು.

"ಈ ಕಡೆ ನೋಡ್ಬೇಡಿ ಮೇಷ್ಟ್ರೇ," ಎಂದಳು ಆಕೆ. "ಇದನ್ನ ಸೇರಿಸಿದ್ರೂ ಇನ್ನೂ ಇಬ್ಬರು ಬೇಕು. ಅದು ನನ್ನಿಂದಾಗಲ್ಲ."

ಆಗ ದಾರಿ ತೋರಿಸಿದವಳು ನಾನು; ಇವತ್ತಿಗೂ ಅದಕ್ಕೆ ನಾಚಿಕೆಪಡುತ್ತೇನೆ. ಗಂಟೆಗೆ ಎಂಬತ್ತು ಕಿಲೋಮೀಟರ್ ಮೀರದಂತೆ ಓಡಿಸಿದರೆ ಇಂಧನ ಶೇಕಡಾ ಎಂಟರಷ್ಟು ಉಳಿಯುತ್ತದೆ. ಒಟ್ಟು ಐನೂರ ಎರಡು ಕಿಲೋ, ತಲೆಗೆ 11.68. ಇದನ್ನು ಹೇಳಿದ ಕೂಡಲೇ ನಲವತ್ತು ಜೋಡಿ ಕೈಗಳು ಮೇಲೆದ್ದು ಬೆರಳುಗಳನ್ನು ಅಲ್ಲಾಡಿಸಿದವು. ನಮ್ಮ ಬಳಗದಲ್ಲಿ ಚಪ್ಪಾಳೆ ಆಕ್ರಮಣಕಾರಿ ಎನಿಸಿಕೊಳ್ಳುತ್ತದೆ. ಮುಂದಿನ ಸೀಟಿನಲ್ಲಿ, ನೋಟ್‌ಬುಕ್ಕುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅತ್ತೆ ತಿರುಗಿದಳು.

"ಹಾಗೆ ಹೋದ್ರೆ ಎಷ್ಟು ಹೊತ್ತಿಗೆ ತಲುಪ್ತೀವಿ, ವೀಬ್ಕೆ?"

ಕಾರ್ಯಸೂಚಿ ಇಲ್ಲದ ಸಭೆಯಾದ್ದರಿಂದ ಉತ್ತರ ಕೊಡಲೇಬೇಕಾಯಿತು. "ಎರಡು ಗಂಟೆ ಆಗುತ್ತೆ ಅತ್ತೆ."

"ಫ್ರೌಕೆ, ನಾವು ಹೇಗೆ ಹೋಗ್ತೀವಿ ಅನ್ನೋದೇ ಒಂದು ಸಂದೇಶ ಅಲ್ವಾ," ಎಂದರು ಎವರ್ಟ್, ಮೃದುವಾಗಿ.

"ಹಾಗಾದ್ರೆ ನೀವು ಸಂದೇಶ ಆಗ್ಕೊಂಡು ನಿಧಾನಕ್ಕೆ ಬನ್ನಿ. ನನಗೆ ಕೊಟ್ಟಿರೋದು ನಾಲ್ಕು ನಿಮಿಷ, ಅದೂ ಒಂದೂ ನಲವತ್ತಕ್ಕೆ."

ಆಕೆ ಚೀಲ ಹೆಗಲಿಗೇರಿಸಿ ಇಳಿಯತೊಡಗಿದಳು. ನಲವತ್ತೆರಡಾಗುತ್ತೇವೆ, ದಯವಿಟ್ಟು ಇಳಿಯಬೇಡಿ ಎಂದು ಹಿಂದಿನಿಂದ ಯಾರೋ ಬೇಡಿಕೊಂಡರು. ಆಕೆ ಇಳಿದು, ಕುಂಟುತ್ತ ರಸ್ತೆ ದಾಟಿ ವೃತ್ತದ ಕಡೆ ನಡೆದಳು. ಅಲ್ಲಿ, ಹೊಗೆಯುಗುಳಿ ಸತ್ತುಹೋದ ವ್ಯಾನೊಂದರ ಪಕ್ಕ ಆಕೆಯ ಪಕ್ಕದ ಹೊಲದ ಮೆನ್ನೊ ತನ್ನಿಬ್ಬರು ದಾಯಾದಿಗಳೊಂದಿಗೆ ನಿಂತಿದ್ದ. ಮೂವರೂ ಆಲೂಗಡ್ಡೆ ಬೆಳೆಗಾರರು. ಅವರೂ ಹೊರಟದ್ದು ಬ್ರಸೆಲ್ಸ್‌ಗೇ, ಹವಾಮಾನದ ಹೊಸ ಕಾಯಿದೆಗಳನ್ನು ವಿರೋಧಿಸುವ ರೈತರ ಸಭೆಗೆ. ಐದು ನಿಮಿಷದಲ್ಲಿ ಅತ್ತೆ ಮೂವರನ್ನೂ ಅವರ ಫಲಕದ ಸಮೇತ ಬಸ್ಸಿನ ಬಾಗಿಲಿಗೆ ತಂದಳು.

"ನಿಮ್ ಬಸ್ಸಲ್ಲಿ ಉಸಿರಾಡೋಕೂ ಅರ್ಜಿ ಹಾಕ್ಬೇಕಾ ಹೇಗೆ?" ಎಂದು ಮೆನ್ನೊ ಕೇಳಿದ.

"ನಿನ್ನ ಉಸಿರಿನ ಲೆಕ್ಕ ವೀಬ್ಕೆ ನೋಡ್ಕೊಳ್ತಾಳೆ. ನೀನು ಬಾಯಿ ಮುಚ್ಕೊಂಡು ಹತ್ತು," ಎಂದಳು ಅತ್ತೆ.

ವಿರೋಧಿಗಳು ತಲೆಗಳೇ ಎಂಬ ಪ್ರಶ್ನೆ ನನ್ನ ಮುಂದೆ ಬಂತು. ನಿಯಮದಲ್ಲಿ ತಲೆಗಳ ಸಂಖ್ಯೆ ಮಾತ್ರ ಇದೆ, ಅವುಗಳೊಳಗೆ ಏನಿರಬೇಕೆಂಬುದಿಲ್ಲ ಎಂದೆ. 11.87. ನಮ್ಮ ಕಾರ್ಯಕ್ರಮವನ್ನು ದ್ವೇಷಿಸುವ ಮೂವರು ಹತ್ತಿದ್ದರಿಂದ ನಮ್ಮ ಬಸ್ಸು ಶುದ್ಧವಾಯಿತು. ಅವರ ವ್ಯಾನು ವೃತ್ತದಲ್ಲೇ ಉಳಿದದ್ದರಿಂದ ಆದ ಉಳಿತಾಯ ಬೇರೆ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟೂ ಐದಕ್ಕೆ ಹೊರಟೆವು, ಮಾಮೂಲಿ ವೇಗದಲ್ಲಿ. ಒಂದೂ ಹದಿನೈದಕ್ಕೆ ತಲುಪಬೇಕು. ಅತ್ತೆಗೆ ಹತ್ತು ನಿಮಿಷ ಉಳಿಯುತ್ತದೆ.

ಹನ್ನೊಂದೂ ಹತ್ತಕ್ಕೆ ದಾರಿಯಲ್ಲಿನ ಬ್ರೇಡಾ ಪಟ್ಟಣದ ಬಳಿ ಬಸ್ಸು ನಿಂತಿತು; ಕಾನೂನಿನ ಪ್ರಕಾರ ವುಬ್ಬೊ ನಲವತ್ತೈದು ನಿಮಿಷ ವಿಶ್ರಾಂತಿ ಪಡೆಯಬೇಕಿತ್ತು. ಬ್ರೆಡ್ಡಿಗೆ ಕಡಲೆ ಚಟ್ನಿ ಹಚ್ಚಿಕೊಂಡು ತಿನ್ನುತ್ತ ಎವರ್ಟ್ ಬಸ್ಸಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಗಾಜಿನ ಬಳಿ ಅವರ ಕಾಲು ನಿಂತಿತು. ಕಾಲು ಚಾಚಲು ಜಾಗವಿಲ್ಲವೆಂದು ದಾಯಾದಿಗಳು ತಮ್ಮ ಫಲಕವನ್ನು ಗಾಜಿಗೆ ಒರಗಿಸಿ ಇಟ್ಟಿದ್ದರು. "ಮೊದಲು ಆಲೂಗಡ್ಡೆ, ಆಮೇಲೆ ಹವಾಮಾನ" ಎಂಬ ಬರಹ ಮೂರು ಗಂಟೆಗಳಿಂದ ಹೆದ್ದಾರಿಯ ಎಲ್ಲರಿಗೂ ಕಾಣುತ್ತ ಬಂದಿತ್ತು.

ನಿಲುಗಡೆಯ ಮೈದಾನದಲ್ಲೇ ಹನ್ನೊಂದನೆಯ ಸಭೆ ಕೂಡಿತು. ಫಲಕ ಸಾಮಾನಿನ ಗೂಡಿಗೆ ಹೋಗಬೇಕೆಂದು ಎವರ್ಟ್. ಅದು ವಾಕ್‌ಸ್ವಾತಂತ್ರ್ಯವನ್ನು ಗೂಡಿಗೆ ತುರುಕಿದಂತೆ ಎಂದು ರೂಲೀನ್. ಎಲ್ಲ ಪ್ರಯಾಣಿಕರ ಒಪ್ಪಿಗೆ ಬೇಕೆಂಬ ನನ್ನ ಸಾಲನ್ನು ಮೆನ್ನೊ ಕಾಗದ ಕೇಳಿ ಪಡೆದು ಎರಡು ಸಲ ಓದಿದ. ಅಲ್ಲಿಂದ ಮುಂದೆ ಅವನು ಯಾವುದಕ್ಕೂ ಒಪ್ಪಲಿಲ್ಲ. ಅವನ ಜೀವನದಲ್ಲಿ ಮಂಡಳಿಗಳು, ಇಲಾಖೆಗಳು, ಸಮಿತಿಗಳು ಅವನನ್ನು ಕಾಯಿಸಿದ್ದವು. ಒಂದು ಸಮಿತಿಯನ್ನು ತಾನು ಕಾಯಿಸುವ ಅವಕಾಶ ಇದೇ ಮೊದಲು. ಬಸ್ಸಿನೊಳಗೆ ಒಬ್ಬಳೇ ಕೂತಿದ್ದ ಅತ್ತೆ ಹನ್ನೆರಡೂ ಕಾಲಿಗೆ ವುಬ್ಬೊನಿಂದ ಹಾರ್ನ್ ಹಾಕಿಸಿದಳು. ಕೈಬೆರಳುಗಳು ಅಲ್ಲಾಡಿದವು, ಈ ಸಲ ಕೆಳಮುಖವಾಗಿ; ಅದು ಅಸಮ್ಮತಿಯ ಚಿಹ್ನೆ. ಹನ್ನೆರಡೂ ನಲವತ್ತಕ್ಕೆ ಒಮ್ಮತ ಮೂಡಿತು: ಫಲಕ ಇದ್ದಲ್ಲೇ ಇರಲಿ, ಆದರೆ ಬರಹ ಒಳಮುಖವಾಗಿರಲಿ. ಉಳಿದ ದಾರಿಯುದ್ದಕ್ಕೂ ನಾವು ಅದನ್ನೇ ಓದುತ್ತ ಹೋದೆವು.

ನಾನು ಸಂಘಟಕರಿಗೆ ಏಳು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಎರಡು ಗಂಟೆಗೆ ವೇದಿಕೆಯ ಮೆಟ್ಟಿಲ ಬಳಿ ಅತ್ತೆ ಮತ್ತು ನಾನು ಏದುಸಿರು ಬಿಡುತ್ತ ನಿಂತಾಗ, ಮೇಲೆ ಮೂಕಾಭಿನಯ ತಂಡವೊಂದು ಕರಗುವ ಹಿಮನದಿಯಾಗಿ ಬಿದ್ದುಕೊಂಡಿತ್ತು. ಅದನ್ನು ಅವಸರಪಡಿಸುವಂತಿರಲಿಲ್ಲ. ಕಿವಿಗೆ ತಂತಿ ಸಿಕ್ಕಿಸಿಕೊಂಡ ತರುಣನೊಬ್ಬ ತುಂಬಾ ವಿನಯದಿಂದ, ಇವತ್ತು ಬೇರೆ ಜಾಗವಿಲ್ಲ, ಮುಂದಿನ ವರ್ಷದ ಅರ್ಜಿ ಅಂತರ್ಜಾಲದಲ್ಲಿದೆ ಎಂದು ತಿಳಿಸಿ, ಆಕೆಯ ಆಸಕ್ತಿಗೆ ಧನ್ಯವಾದ ಹೇಳಿದ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಇರ್ಲಿ ಬಿಡು," ಎಂದಳು ಅತ್ತೆ. "ಮೊದ್ಲು ಟಾಯ್ಲೆಟ್ ಎಲ್ಲಿದೆ ನೋಡು."

ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತೆವು. ಆಕೆ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇದ್ದಳು.

ನಾಲ್ಕೂವರೆಗೆ ಬಸ್ಸಿನ ಬಳಿ ನಲವತ್ಮೂರು ಜನ ಸೇರಿದೆವು. ರೈತರು ಮೂವರೂ ಇರಲಿಲ್ಲ. ತಮ್ಮ ಸಭೆ ಇನ್ನೂ ಮುಗಿದಿಲ್ಲ, ಬೇಕಾದರೆ ಬಂದು ಕರೆದುಕೊಂಡು ಹೋಗಿ ಎಂದು ಮೆನ್ನೊ ಸಂದೇಶ ಕಳಿಸಿದ್ದ. ಅವರನ್ನು ಬಿಟ್ಟು ಹೊರಟರೆ ಎಷ್ಟಾಗುತ್ತದೆ ಎಂದು ಎವರ್ಟ್ ದಣಿದ ದನಿಯಲ್ಲಿ ಕೇಳಿದರು. ಬರುವ ದಾರಿಯ ತಲೆಯೆಣಿಕೆಯಂತೆ 12.70, ಎರಡೂ ದಾರಿಯ ಸರಾಸರಿ ತೆಗೆದರೂ 12.28 ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಹೀಗಾಗಿ ವೆಸ್ಟರ್‌ವೀರುಮ್ ಹವಾಮಾನ ಬಳಗವು ತನ್ನ ಬಾವುಟಗಳ ಸಮೇತ ಎರಡು ಕಿಲೋಮೀಟರ್ ನಡೆದು ರೈತರ ಚೌಕವನ್ನು ಪ್ರವೇಶಿಸಿತು. ಅಂಚಿನಲ್ಲಿ ನಿಂತು ಎಣಿಸುತ್ತಿದ್ದ ಪೊಲೀಸರು ನಮ್ಮನ್ನೂ ಸೇರಿಸಿಕೊಂಡರು. ಬುದ್ಧಿ ಬಂದಿತಾ, ಇಲ್ಲ ದಾರಿ ತಪ್ಪಿತಾ ಎಂದು ಸ್ವಾಗತಿಸುತ್ತ ಯಾರೋ ಬಟಾಣಿ ಸೂಪಿನ ಲೋಟಗಳನ್ನು ಹಂಚಿದರು. ಅದರಲ್ಲಿ ಹಂದಿಮಾಂಸದ ತುಣುಕುಗಳಿದ್ದವು. ಹವಾಮಾನಕ್ಕಾಗಿ ಮಾಂಸ ಬಿಟ್ಟಿದ್ದ ಎವರ್ಟ್ ತಮ್ಮ ಲೋಟದೊಳಗೆ ಬಹಳ ಹೊತ್ತು ನೋಡಿ, ಆ ಕಡೆ ತಿರುಗಿ ಕುಡಿದರು.

ಅಲ್ಲಿ ವೇದಿಕೆಯೆಂದರೆ ಟ್ರ್ಯಾಕ್ಟರಿನ ಟ್ರೇಲರ್. ವೇಳಾಪಟ್ಟಿ ಇರಲಿಲ್ಲ, ಮೈಕು ಯಾರ ಕೈಯಲ್ಲಿತ್ತೋ ಅವರು ಮಾತಾಡುತ್ತಿದ್ದರು. ಆ ಹೊತ್ತಿಗೆ ಅದು ಮೆನ್ನೊನ ಕೈಯಲ್ಲಿತ್ತು. ಬಸ್ಸು ಕಾಯುತ್ತಿದೆ, ಇಳಿದು ಬಾ ಎಂದು ಅತ್ತೆ ಕೆಳಗಿನಿಂದ ಕರೆದಳು. ಅವನು ಬಗ್ಗಿದ.

"ನಿಮ್ ಭಾಷಣ ಹೇಗಾಯ್ತು ಅತ್ತೆ?"

"ಆಗ್ಲಿಲ್ಲ."

ಮೆನ್ನೊ ಮೈಕನ್ನು ಕೈಯಿಂದ ಮುಚ್ಚಿದ. "ಬ್ರೇಡಾದಲ್ಲಿ ನಾನೂ ಸ್ವಲ್ಪ ಜಾಸ್ತಿನೇ ಎಳೆದೆ," ಎಂದ. ನಂತರ ಕೈ ಚಾಚಿದ. "ಹತ್ತಿ ಮೇಲೆ."

"ಇವ್ರು ನನ್ನ ಮಾತು ಕೇಳೋಕೆ ಬಂದೋರಲ್ಲಪ್ಪ."

"ಆ ಇನ್ನೊಂದು ಚೌಕದಲ್ಲಿ ಇದ್ದೋರಲ್ಲಿ ಎಷ್ಟು ಜನರ ಹೊಲಕ್ಕೆ ಕಾಲುವೆ ಇದೆ?"

ದಾಯಾದಿಗಳಿಬ್ಬರು ಆಕೆಯನ್ನು ಎತ್ತಿ ಟ್ರೇಲರಿನ ಮೇಲೆ ನಿಲ್ಲಿಸಿದರು. ನಮ್ಮ ಬಾವುಟಗಳೊಂದಿಗೆ ಬಂದವಳೆಂದು ಗುರುತಿಸಿ ಜನ ಶಿಳ್ಳೆ ಹಾಕಿದರು; ಮನೆಗೆ ಹೋಗಿ ಕಸೂತಿ ಹಾಕು ಅಜ್ಜಿ ಎಂದು ಒಬ್ಬ ಕೂಗಿದ. ಅತ್ತೆ ಕನ್ನಡಕ ಹಾಕಿಕೊಂಡು ಮೊದಲ ನೋಟ್‌ಬುಕ್ಕನ್ನು ತೆರೆದಳು. ಅಭ್ಯಾಸ ಮಾಡಿದ್ದ ಭಾಷಣವನ್ನು ಆಕೆ ಮುಟ್ಟಲಿಲ್ಲ. ಪ್ರತಿ ವರ್ಷದ ಜುಲೈ ತಿಂಗಳ ಮೊದಲ ಶನಿವಾರ, ಲೀಟರಿಗೆ ಇಷ್ಟು ಮಿಲಿಗ್ರಾಂ ಉಪ್ಪು, ಅಷ್ಟನ್ನೇ ಓದಿದಳು. ನಾನೂರ ಎಂಬತ್ತು. ನಾನೂರ ತೊಂಬತ್ತೈದು. ನಾನೂರ ಎಪ್ಪತ್ತು. ಐನೂರ ಹತ್ತನ್ನು ದಾಟುವವರೆಗೆ ಶಿಳ್ಳೆ ಇತ್ತು. ಎಂಟುನೂರರ ಹೊತ್ತಿಗೆ ಮುಂದಿನ ಸಾಲಿನವರು ಲೋಟಗಳನ್ನು ಕೆಳಗಿಟ್ಟಿದ್ದರು. ಆಲೂಗಡ್ಡೆ ಎಷ್ಟನ್ನು ತಡೆಯಬಲ್ಲದು, ಎಲ್ಲಿಂದ ಕಂದಲು ಶುರುವಾಗುತ್ತದೆ ಎಂದು ಆ ಚೌಕದಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಸಾವಿರದ ಆರುನೂರು. ಎರಡು ಸಾವಿರದ ನೂರ ನಲವತ್ತು. ನಾಲ್ಕು ನಿಮಿಷ ಎಂದೋ ಮುಗಿದಿತ್ತು. ಯಾರೂ ಗಡಿಯಾರ ನೋಡುತ್ತಿರಲಿಲ್ಲ, ನನ್ನನ್ನು ಸೇರಿಸಿ.

ಆಕೆ ಓದಿ ನಿಲ್ಲಿಸಿದಾಗ ಕೈಚಪ್ಪಾಳೆ ಬರಲಿಲ್ಲ. ತೆಳ್ಳನೆಯ, ಎತ್ತರದ ರೈತನೊಬ್ಬ, ಮಾತಿನ ಧಾಟಿಯಿಂದ ದಕ್ಷಿಣ ಕರಾವಳಿಯ ಝೀಲಂಡ್ ಕಡೆಯವನು, ಜನರ ನಡುವಿನಿಂದ ಮುಂದೆ ಬಂದ.

"ಇದು ಮೇಲಿನ ನೀರಿನ ಲೆಕ್ಕಾನೋ, ತಳದ್ದೋ?"

ನೀರಿನ ಮಂಡಳಿ ಮೂವತ್ತೊಂದು ವರ್ಷಗಳಲ್ಲಿ ಕೇಳದ ಪ್ರಶ್ನೆ ಅದು. ನಮ್ಮ ಬಳಗವೂ ಕೇಳಿರಲಿಲ್ಲ. ಪದವಿ ಪಡೆದ ನಾನೂ ಕೇಳಿರಲಿಲ್ಲ.

"ತಳದ್ದು," ಎಂದಳು ಅತ್ತೆ. "ಉಪ್ಪು ಭಾರ, ಕೆಳಗೆ ಕೂರುತ್ತೆ. ಮೇಲಿನದನ್ನ ಅಳೆದು ನಮಗೆ ನಾವೇ ಸುಳ್ಳು ಹೇಳ್ಕೊಳ್ಳೋದು ಯಾಕೆ?"

"ನಾನು ಹತ್ತು ವರ್ಷದಿಂದ ಮೇಲಿನದನ್ನೇ ಅಳೀತಿದೀನಿ," ಎಂದ ಅವನು, ನಿಧಾನವಾಗಿ. ಕೈಯಲ್ಲಿದ್ದ, ಸಾಸಿವೆ ಗೊಜ್ಜು ಸುರಿಯುತ್ತಿದ್ದ ಸಾಸೇಜನ್ನು ಪಕ್ಕದವನಿಗೆ ದಾಟಿಸಿ, ಟ್ರೇಲರ್ ಹತ್ತಿ ನೋಟ್‌ಬುಕ್ಕಿಗೆ ಕೈ ನೀಡಿದ. ಅವನ ಹಿಂದೆ ಇನ್ನಿಬ್ಬರು ಹತ್ತಿದರು. ಕೆಳಗಿದ್ದವರು, ಏನು ಬರೆದಿದೆ ಓದಿ ಹೇಳಿ ಎಂದು ಕೇಳತೊಡಗಿದರು.

ಅತ್ತೆ ನೋಟ್‌ಬುಕ್ಕನ್ನು ಎದೆಗೆ ಹಿಡಿದುಕೊಂಡಳು.

"ಕೊಡ್ತೀನಿ," ಎಂದಳು. "ಮೊದ್ಲು ಆ ಸಾಸಿವೆ ಕೈ ಒರೆಸ್ಕೋ."