ಮನೆಯೊಡೆಯನ ಬ್ಯಾಡ್ಜು

ದೇಶ ಚಿಕ್ಕದಾದಷ್ಟೂ ಅದರ ಶಿಷ್ಟಾಚಾರ ವಿಭಾಗ ದೊಡ್ಡದಾಗಿರುತ್ತದೆ. ದೊಡ್ಡ ದೇಶಗಳಿಗೆ ಯುದ್ಧದ ಹಡಗುಗಳಿರುತ್ತವೆ, ಚಿಕ್ಕ ದೇಶಗಳಿಗೆ ಕುರ್ಚಿಗಳು. ಯಾರ ಕುರ್ಚಿ ಎಲ್ಲಿ, ಯಾರ ಬಾವುಟ ಎಷ್ಟೆತ್ತರ, ಯಾರು ಮೊದಲು ಕೈ ಚಾಚಬೇಕು, ಇಷ್ಟರಲ್ಲೇ ‘ನೀವೂ ನಾವೂ ಸಮ’ ಎಂದು ತೋರಿಸಿಕೊಳ್ಳಬೇಕು. ಅಂಥದೊಂದು ಚಿಕ್ಕ ದೇಶದಲ್ಲಿ ಈ ಕೆಲಸ ಮಾಡಿ ಮಾಡಿ ಮಂಡಿ ಸವೆಸಿಕೊಂಡ ಅಧಿಕಾರಿಗೆ ಕಚೇರಿಯವರು ಇಟ್ಟ ಹೆಸರು ಹೊಸ್ತಿಲಪ್ಪ.

ಹೆಸರು ಸುಮ್ಮನೆ ಬಂದದ್ದಲ್ಲ. ಯಾವ ದೇಶದ ಯಾವ ದೊರೆ ಬಂದರೂ ಹೊಸ್ತಿಲಪ್ಪನದು ಒಂದೇ ಹಟ. ನಮ್ಮವರು ಹೊಸ್ತಿಲ ಒಳಗೆ ನಿಂತಿರಬೇಕು, ಬಂದವರು ಹೊರಗೆ. “ಒಳಗಿದ್ದೋನು ‘ಬನ್ನಿ’ ಅನ್ಬೇಕು, ಹೊರಗಿದ್ದೋನು ಬರ್ಬೇಕು. ಸಾರ್ವಭೌಮತ್ವ ಅಂದ್ರೆ ಇಷ್ಟೇ ಕಣ್ರೀ. ಮಿಕ್ಕಿದ್ದೆಲ್ಲ ಭಾಷಣ” ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತಿದ್ದ.

“ಮಿಕ್ಕಿದ್ದು ಏನುಳಿದಿದೆ ಸಾರ್?” ಎಂದು ಅವನ ಡ್ರೈವರ್ ಒಮ್ಮೆ ಕೇಳಿದ್ದ. “ಕರೆಂಟಿನ ಸ್ವಿಚ್ಚು ಒಬ್ಬರ ಕೈಲಿದೆ, ಫೋನಿನ ಕೇಬಲ್ಲು ಇನ್ನೊಬ್ಬರದು. ನಮ್ಮದು ಅಂತಿರೋದು ಮೋಡ ಒಂದೇ. ಅದೂ ಎಲ್ಲಿದೆ ಅಂತ ಅವರ ಉಪಗ್ರಹಾನೇ ಹೇಳ್ಬೇಕು.”

“ಅದಕ್ಕೇ ಹೊಸ್ತಿಲು ಕಾಯ್ತಿರೋದು. ನೀನು ರಸ್ತೆ ನೋಡು” ಎಂದಿದ್ದ ಹೊಸ್ತಿಲಪ್ಪ.

ಈ ಸಲದ ಒಪ್ಪಂದ ಬಂದರಿನ ಮೇಲಿನ ಗುಡ್ಡದ್ದು. ದೊಡ್ಡ ದೇಶವೊಂದಕ್ಕೆ ಅಲ್ಲಿ ಕುಳಿತು ಸಮುದ್ರ ನೋಡಬೇಕಾಗಿತ್ತು. ಕೊಡುವುದಿಲ್ಲ ಎಂದರೆ ಸಮುದ್ರದ ಆಚೆಯ ಇನ್ನೊಂದು ದೊಡ್ಡ ದೇಶ ಕೇಳಲು ಕಾದಿತ್ತು, ಮತ್ತು ಅದು ಕೇಳುವ ಕ್ರಮ ಇಷ್ಟು ನಯವಾಗಿರಲಿಲ್ಲ. ಬಡವಾ, ನೀ ಮಡಗಿದಂಗಿರು ಎಂದುಕೊಂಡು ಸರ್ಕಾರ ಒಪ್ಪಿತು. ಆದರೆ ಗುಡ್ಡದ ಮೇಲೆ ಸಾಲಾಗಿ ಮನೆಗಳಿದ್ದವು. ಅವುಗಳಲ್ಲಿ ನೀಲಿ ಬಾಗಿಲಿನದು ಹೊಸ್ತಿಲಪ್ಪನ ಅಕ್ಕನದು. ಬಂದರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ಆ ಮನೆಯೇ ಅವಳ ಸಂಸಾರ.

“ಬೇಲಿ ಎಲ್ಲಿಗೆ ಬರುತ್ತೋ?” ಎಂದು ಅಕ್ಕ ಭಾನುವಾರ ಬಟಾಣಿ ಸುಲಿಯುತ್ತ ಕೇಳಿದಳು.

“ಗುಡ್ಡದ ಬುಡಕ್ಕೆ.”

“ಅಂದ್ರೆ ನಾನು ಬೇಲಿಯೊಳಗೆ.”

“ಮನೆ ನಿನ್ನದೇ ಅಕ್ಕ. ಯಾರೂ ಮುಟ್ಟಲ್ಲ. ಹಾಗಂತ ಬರೆದಾಗಿದೆ.”

“ಗೇಟು?”

ಹೊಸ್ತಿಲಪ್ಪ ಒಂದು ಬಟಾಣಿ ಬಾಯಿಗೆ ಹಾಕಿಕೊಂಡ.

“ಗೇಟು ಯಾರದೋ ಅಂದೆ.”

“ಅದು... ಅವರದು.”

“ಮನೆ ನಂದು, ಗೇಟು ಅವರದು. ಹಲ್ಲು ನಂದು, ಬಾಯಿ ಅವರದು ಅಂದಂಗಾಯ್ತು.” ಅಕ್ಕ ಸಿಪ್ಪೆಗಳನ್ನು ಒಂದು ಕಡೆ ಒತ್ತರಿಸಿದಳು. “ನೋಡು, ನನಗೆ ನಿನ್ನ ಒಪ್ಪಂದ ಗಿಪ್ಪಂದ ತಿಳಿಯಲ್ಲ. ಗೇಟಲ್ಲಿ ನಮ್ಮ ಪೊಲೀಸನೇ ನಿಂತಿರ್ಲಿ. ನಾನು ಇಂಜೆಕ್ಷನ್ ಚುಚ್ಚಿದ ಮಕ್ಕಳೇ ಎಲ್ಲ ಈಗ ಪೊಲೀಸು. ಕಂಡ್ರೆ ‘ಅಕ್ಕ, ತರಕಾರಿ ಚೀಲ ಕೊಡಿ’ ಅಂತಾವೆ. ಅದು ಬಿಟ್ಟು ಯಾವನೋ ಪರದೇಶದೋನು ನಿಂತ್ಕೊಂಡು ‘ಇಲ್ಲಿಗ್ಯಾಕೆ ಬಂದೆ’ ಅಂತ ನನ್ನ ಕೇಳಿದ್ರೆ, ಆಮೇಲೆ ಪರದೇಶಿ ಅವನಲ್ಲ, ನಾನು. ಪಾಸು ತೋರಿಸಿ ನನ್ನ ಮನೆಗೆ ನಾನು ಬರೋಳಲ್ಲ. ಹೇಳಿದ್ದೀನಿ.”

ಅವಳು ಹೇಳಿದ್ದಾಳೆಂದರೆ ಹೇಳಿದ್ದಾಳೆ. ಅವಳ ಮಾತಿಗೆ ತಿದ್ದುಪಡಿ ಇರಲಿಲ್ಲ.

ಹೊಸ್ತಿಲಪ್ಪ ನೇರವಾಗಿ ಪ್ರಧಾನಿಯ ಬಳಿಗೆ ಹೋದ. ಪ್ರಧಾನಿ ಒಳ್ಳೆಯ ಮನುಷ್ಯ. ಆಯಾಸದಿಂದ ಇನ್ನಷ್ಟು ಒಳ್ಳೆಯವರಾಗಿದ್ದರು.

“ಗೇಟಿನ ವಿಷಯ ನಾನೂ ಎತ್ತಿದ್ದೆ ಕಣ್ರೀ,” ಎಂದರು ಅವರು ಕಣ್ಣುಜ್ಜಿಕೊಳ್ಳುತ್ತ. “ಅವರ ಅಧಿಕಾರಿಗಳು ‘ಅದು ನಮ್ಮ ಮಟ್ಟದಲ್ಲಾಗಲ್ಲ, ನಮ್ಮ ಮಂತ್ರಿಗಳೇ ಹೂಂ ಅನ್ಬೇಕು’ ಅಂತಾರೆ. ಮಂತ್ರಿ ಬರೋದು ಸಹಿ ಹಾಕೋ ದಿನ. ಹಾಕಿದ ತಕ್ಷಣ ವಿಮಾನ. ಯಾವಾಗ ಕೇಳ್ಲಿ? ಮೇಜಿನ ಮುಂದೆ, ಕ್ಯಾಮೆರಾ ಎದುರಿಗೆ?”

“ಬಾಗಿಲಿಂದ ಮೇಜಿನವರೆಗೆ ನೀವಿಬ್ಬರೇ ನಡೀತೀರಿ ಸಾರ್. ಅವರ ಭಾಷೆ ನಿಮಗೆ ಬರುತ್ತೆ, ದುಭಾಷಿ ಬೇಡ. ನಡೀತಾ ಕೇಳಿ.”

“ಆ ಪಡಸಾಲೆ ನಾಲ್ಕು ಹೆಜ್ಜೆ ಇದೆ. ‘ಪ್ರಯಾಣ ಹೇಗಿತ್ತು’ ಅನ್ನೋದ್ರಲ್ಲಿ ಮುಗಿಯುತ್ತೆ.”

“ಅದನ್ನ ಉದ್ದ ಮಾಡೋದು ನನ್ನ ಕೆಲಸ ಸಾರ್.”

ಪ್ರಧಾನಿ ಬಹಳ ದಿನಗಳ ನಂತರ ನಕ್ಕರು. “ಮಾಡಿ. ಕೇಳ್ತೀನಿ. ಮಾತು ಕೊಟ್ಟೆ.”

ಶಿಷ್ಟಾಚಾರದವರು ದೇಶಸೇವೆ ಮಾಡುವುದು ಹೀಗೇ. ಹೊಸ್ತಿಲಪ್ಪ ಸರ್ಕಾರಿ ಭವನದ ನೇರ ಪಡಸಾಲೆಗೆ ‘ನೆಲಕ್ಕೆ ಪಾಲಿಶ್ ಆಗುತ್ತಿದೆ’ ಎಂಬ ಬೋರ್ಡು ನಿಲ್ಲಿಸಿದ. ಅಂಗಳದ ಸುತ್ತಲಿನ ಮೊಗಸಾಲೆಗೆ ಕೆಂಪು ಹಾಸು ಹಾಸಿಸಿದ. ತಿರುವಿನಲ್ಲಿ ಒಂದು ಹಳೆಯ ಫಿರಂಗಿ ತಂದಿರಿಸಿದ. ಅತಿಥಿ ನಿಂತು ನೋಡಲಿ, ಪ್ರಧಾನಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗಲಿ ಎಂದು. ತಾನೇ ಆ ದಾರಿಯಲ್ಲಿ ಗೊಣಗುತ್ತ ನಡೆದು ನೋಡಿದ: “ಪ್ರಯಾಣ ಹೇಗಿತ್ತು... ಅಂದಹಾಗೆ ಆ ಗೇಟಿನ ವಿಷಯ...” ಗೇಟು ಎನ್ನುವಷ್ಟರಲ್ಲಿ ಫಿರಂಗಿ ಬಂತು. ಭೇಷ್ ಎನಿಸಿತು.

ಅಷ್ಟರಲ್ಲಿ ದೊಡ್ಡ ದೇಶದ ಮುಂಗಡ ತಂಡ ಬಂದಿಳಿಯಿತು. ಅವರು ತಮ್ಮ ಕುಡಿಯುವ ನೀರು ತಂದಿದ್ದರು, ತಮ್ಮ ಬಲ್ಬುಗಳನ್ನು ತಂದಿದ್ದರು, ಮೂಸಿ ನೋಡುವ ನಾಯಿಗಳನ್ನೂ ತಂದಿದ್ದರು. ನಾಯಿಗಳು ಪ್ರಧಾನಿಯ ಕುರ್ಚಿಯನ್ನು ಹೆಚ್ಚು ಹೊತ್ತು ಮೂಸಿದವು. “ನೋಡಿ ಸಾರ್,” ಎಂದ ಡ್ರೈವರ್ ಮೆಲ್ಲಗೆ, “ನಮ್ಮ ಸಾರ್ವಭೌಮತ್ವದಲ್ಲಿ ಈಗ ‘ಭೌ’ ಒಂದೇ ಉಳೀತು.”

ತಂಡದ ಮುಖ್ಯಸ್ಥೆ ಸದಾ ನಗುತ್ತಿದ್ದ ಹೆಂಗಸು. ಇಲ್ಲಿನ ಮಾತನ್ನು ಚೆನ್ನಾಗಿಯೇ ಕಲಿತು ಬಂದಿದ್ದಳು. ಕಚೇರಿಯವರು ಮಧ್ಯಾಹ್ನದೊಳಗೆ ಅವಳಿಗೆ ನಗುಮೊಗ ಎಂದು ಹೆಸರಿಟ್ಟರು. ಸಹಿಯ ದಿನ ಬೆಳಿಗ್ಗೆ ಅವಳು ಹೊಸ್ತಿಲಪ್ಪನ ಕೈಗೆ ದಾರಕ್ಕೆ ಪೋಣಿಸಿದ ಒಂದು ಹಳದಿ ಬ್ಯಾಡ್ಜು ಕೊಟ್ಟಳು.

“ಇದು ನಿಮ್ಮ ಪ್ರಧಾನಿಗಳಿಗೆ ಸರ್. ಇದಿಲ್ಲದೆ ಇವತ್ತು ಯಾರನ್ನೂ ಒಳಗೆ ಬಿಡಲ್ಲ.”

ಹೊಸ್ತಿಲಪ್ಪ ಕನ್ನಡಕ ಏರಿಸಿ ನೋಡಿದ. ಪ್ರಧಾನಿಯ ಭಾವಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ‘ಸಂದರ್ಶಕ’ ಎಂದಿತ್ತು.

“ಮೇಡಂ, ಇದು ಅವರದೇ ಭವನ.”

“ಗೊತ್ತು ಸರ್, ಗೊತ್ತು. ಆದ್ರೆ ನಮ್ಮಲ್ಲಿ ಎರಡೇ ಬಣ್ಣ ಇರೋದು. ನೀಲಿ ನಮ್ಮವರಿಗೆ, ಹಳದಿ ಬೇರೆಯವರಿಗೆ.” ನಗು ಇನ್ನೂ ಅಗಲವಾಯಿತು. “ಇವತ್ತೊಂದಿನ ಹೊಂದ್ಕೊಳ್ಳಿ.”

“ಆಯ್ತು ಮೇಡಂ” ಎಂದ ಹೊಸ್ತಿಲಪ್ಪ. ಅವನ ಎದೆಯ ಮೇಲೂ ಹಳದಿಯೇ ತೂಗುತ್ತಿತ್ತು. ಅದಕ್ಕೆ ಅವನ ಅಭ್ಯಂತರವಿರಲಿಲ್ಲ, ಅವನೊಬ್ಬ ನೌಕರ. ಆದರೆ ಮನೆಯೊಡೆಯ ತನ್ನ ಮನೆಯಲ್ಲಿ ಹೆಸರಿನ ಚೀಟಿ ನೇತುಹಾಕಿಕೊಳ್ಳುವುದೆಂದರೇನು? ಅವನು ಕಾಪಾಡಿಕೊಂಡು ಬಂದ ಕುರ್ಚಿ, ಬಾವುಟ, ಹೊಸ್ತಿಲುಗಳೆಲ್ಲ ಆ ದಾರದಲ್ಲಿ ನೇತಾಡಿದಂತೆ ಅನಿಸಿತು. ಬ್ಯಾಡ್ಜನ್ನು ಕೋಟಿನ ಒಳಜೇಬಿಗೆ ಹಾಕಿದ. ಪ್ರಧಾನಿಗೆ ಅದರ ಸುದ್ದಿಯನ್ನೇ ಹೇಳಲಿಲ್ಲ. ಪ್ರಧಾನಿಯ ಮುಖ ಯಾರಿಗೆ ಗೊತ್ತಿಲ್ಲ? ಬಾಗಿಲ ಮೇಲೆಯೇ ಆಳೆತ್ತರದ ಚಿತ್ರ ತೂಗುತ್ತಿದೆಯಲ್ಲ!

ಪ್ರಧಾನಿಯ ಕಾರು ಸರಿಯಾದ ಹೊತ್ತಿಗೆ ಬಂತು. ಅತಿಥಿ ಬರುವ ಮುನ್ನ ಒಳಗೆ ಹೋಗಿ, ತಿರುಗಿ ನಿಂತು, ‘ಬನ್ನಿ’ ಎನ್ನಲು ಬೇಕಾದಷ್ಟು ಸಮಯವಿತ್ತು. ಮೆಟ್ಟಿಲ ಕೆಳಗೆ ಕ್ಯಾಮೆರಾಗಳು ಸಾಲುಗಟ್ಟಿದ್ದವು. ಪ್ರಧಾನಿ ಮೆಟ್ಟಿಲು ಹತ್ತಿ ಬಂದರು. ಹೊಸ್ತಿಲಲ್ಲಿದ್ದ ಕಾವಲುಗಾರ, ದೊಡ್ಡ ದೇಶದ ದೊಡ್ಡ ಹುಡುಗ, ಕೈ ಅಡ್ಡ ಹಿಡಿದ.

“ಬ್ಯಾಡ್ಜ್, ಪ್ಲೀಸ್.”

ಅವನ ತಲೆಯ ಮೇಲೆ ಪ್ರಧಾನಿಯ ಚಿತ್ರವಿತ್ತು. ಚಿತ್ರಕ್ಕೆ ಒಳಗಿರಲು ಅನುಮತಿಯಿತ್ತು, ಮನುಷ್ಯನಿಗಿರಲಿಲ್ಲ.

“ಅವರು ಪ್ರಧಾನಿಗಳು!” ಎಂದ ಹೊಸ್ತಿಲಪ್ಪ ಒಳಗಿನಿಂದ.

“ಯೆಸ್ ಸರ್. ಬ್ಯಾಡ್ಜ್.”

ಹೊಸ್ತಿಲಪ್ಪನ ಕೈ ಒಳಜೇಬಿಗೆ ಹೋಯಿತು. ದಾರ ಬೆರಳಿಗೆ ಸಿಕ್ಕಿತು. ತೆಗೆದು ಕೊರಳಿಗೆ ಹಾಕಿದರೆ ಮುಗಿಯಿತು. ಆದರೆ ಹಾಕುವುದು ಇಡೀ ದೇಶದ ಕಣ್ಣೆದುರಿಗೆ, ಮತ್ತು ಹಾಕುವವನು ತಾನು. ಅವನು ಪ್ರಧಾನಿಯ ಮುಖ ನೋಡಿದ. ಪ್ರಧಾನಿ ಅವನ ಜೇಬಿನತ್ತ ನೋಡಿದರು. ಕೈ ಜೇಬಿನಲ್ಲೇ ಉಳಿಯಿತು.

ಆ ಹೊತ್ತಿಗೆ ಹಿಂದಿನಿಂದ ಬೂಟುಗಳ ಸದ್ದಾಯಿತು. ಭದ್ರತೆಯ ಕಾರಣದಿಂದ ದೊಡ್ಡ ದೇಶದ ಮಂತ್ರಿಯನ್ನು ಕೊನೆಯ ಗಳಿಗೆಯಲ್ಲಿ ಅಡುಗೆಮನೆಯ ಕಡೆಯ ಬಾಗಿಲಿನಿಂದ ಕರೆತಂದಿದ್ದರು. ಪಾಲಿಶ್ ಬೋರ್ಡನ್ನು ಯಾರೋ ಕಾಲಿನಿಂದ ಗೋಡೆಗೆ ಸರಿಸಿದರು. ಮಂತ್ರಿ ನೇರ ಪಡಸಾಲೆಯಲ್ಲಿ ಬೀಸು ಹೆಜ್ಜೆ ಹಾಕುತ್ತ ಮುಂಬಾಗಿಲಿಗೆ ಬಂದು, ಹೊರಗೆ ನಿಂತಿದ್ದ ಪ್ರಧಾನಿಯನ್ನು ಕಂಡು, ನಿಜವಾದ ಪ್ರೀತಿಯಿಂದಲೇ ಎರಡೂ ಕೈ ಚಾಚಿದರು.

“ಬನ್ನಿ, ಬನ್ನಿ! ಸ್ವಾಗತ!”

ಕ್ಯಾಮೆರಾಗಳು ಜೋಳ ಹುರಿದಂತೆ ಸಿಡಿದವು. ಒಳಗಿದ್ದವರು ‘ಬನ್ನಿ’ ಎಂದಿದ್ದರು. ಹೊರಗಿದ್ದವರು ಬಂದರು.

“ತಡವಾಗಿದೆ, ಹೀಗೇ ಹೋಗೋಣ” ಎಂದು ನಗುಮೊಗ ಎಲ್ಲರನ್ನೂ ನೇರ ಪಡಸಾಲೆಗೆ ತಿರುಗಿಸಿದಳು. ಹೊಸ್ತಿಲಪ್ಪ ಹಿಂದೆ ಓಡಿದ. ಪ್ರಧಾನಿಯ ತುಟಿ ಅಲುಗಿದ್ದು ಕಂಡಿತು. “ಪ್ರಯಾಣ ಹೇಗಿತ್ತು?” ಎಂದರು. ಬಹಳ ಚೆನ್ನಾಗಿತ್ತಂತೆ. ಅಷ್ಟರಲ್ಲಿ ಮೇಜು ಬಂತು. ಅಂಗಳದ ಆಚೆ ಕೆಂಪು ಹಾಸಿನ ಮೇಲೆ ಫಿರಂಗಿ ಒಂಟಿಯಾಗಿ ಕೂತಿತ್ತು.

ಮೇಜಿನ ಮೇಲೆ ಎಲ್ಲವೂ ಸಮವಾಗಿತ್ತು. ಬಾವುಟ ಸಮ, ಕುರ್ಚಿ ಸಮ, ಪೆನ್ನೂ ಸಮ. ಹೊಸ್ತಿಲಪ್ಪನ ಕೆಲಸದಲ್ಲಿ ಕೂದಲೆಳೆಯ ಲೋಪವಿರಲಿಲ್ಲ. ಸಹಿ ಬಿತ್ತು. ಗೇಟು ಹೋಯಿತು.

ಭವನ ಖಾಲಿಯಾದ ಮೇಲೆ ಪ್ರಧಾನಿ ಅವನನ್ನು ಕರೆಸಿದರು. ಬೂಟು ಬಿಚ್ಚಿ ಕಾಲು ಚಾಚಿಕೊಂಡು ಕೂತಿದ್ದರು.

“ಬ್ಯಾಡ್ಜು ನಿಮ್ಮ ಜೇಬಲ್ಲೇ ಇತ್ತಲ್ವಾ?”

“ಇತ್ತು ಸಾರ್.”

“ಬೆಳಿಗ್ಗೇನೇ ಕೊಟ್ಟಿದ್ರೆ ಹಾಕ್ಕೊಂಡು ಒಳಗೆ ಬರ್ತಿದ್ದೆ. ಮಂತ್ರಿಗಳನ್ನ ಅಡುಗೆಮನೆ ಬಾಗಿಲಲ್ಲೇ ಹಿಡಿದು, ನಿಮ್ಮ ದಾರೀಲೇ ಕರ್ಕೊಂಡು ಹೋಗ್ತಿದ್ದೆ.”

“ತಪ್ಪಾಯ್ತು ಸಾರ್. ಮರ್ಯಾದೆ ಉಳಿಸೋಕೆ ಹೋದೆ.”

“ಹೂಂ. ಮರ್ಯಾದೆ ಬಾಗಿಲಲ್ಲಿ ಹೋಯ್ತು, ಗೇಟು ಮೇಜಿನ ಮೇಲೆ ಹೋಯ್ತು.” ಪ್ರಧಾನಿ ಹೆಬ್ಬೆರಳು ನೀವಿಕೊಂಡರು. “ಬಿಡಿ. ಆ ದಾರ ಕೊರಳಲ್ಲಿದ್ದಿದ್ರೆ ಕೇಳೋಕೆ ಬಾಯಿ ಬರ್ತಿತ್ತೋ ಇಲ್ವೋ, ಅದು ನನಗೂ ಗೊತ್ತಿಲ್ಲ.”

ಬೇಲಿ ಎದ್ದಿತು. ಗುಡ್ಡದ ಬುಡದಲ್ಲಿ ಗೇಟು, ಗೇಟಿನಲ್ಲಿ ಪರದೇಶದ ಕಾವಲು. ಗುಡ್ಡದ ಮನೆಯವರೆಲ್ಲ ಫೋಟೋ ಕೊಟ್ಟು ಪಾಸು ಪಡೆದರು. ಅಕ್ಕ ಪಡೆಯಲಿಲ್ಲ. ಜಗಳವಾಡಲಿಲ್ಲ, ಅಳಲಿಲ್ಲ, ಮನೆ ಬಿಡಲೂ ಇಲ್ಲ. ಅವಳ ಲೆಕ್ಕಾಚಾರ ಸರಳವಾಗಿತ್ತು: ಒಳಗೆ ಬರಲು ತಾನೇ ಪಾಸು ಬೇಕು? ಹೊರಗೆ ಹೋದರಲ್ಲವೇ ಒಳಗೆ ಬರುವ ಮಾತು? ಅವಳು ಹೊರಗೆ ಹೋಗುವುದನ್ನೇ ನಿಲ್ಲಿಸಿದಳು. ಪೇಟೆ, ಗೆಳತಿಯರು, ಅವಳು ದುಡಿದ ಆಸ್ಪತ್ರೆ, ಎಲ್ಲವೂ ಬೇಲಿಯ ಆಚೆ ಉಳಿದವು.

ಈಗ ಭಾನುವಾರಗಳಲ್ಲಿ ಹೊಸ್ತಿಲಪ್ಪನೇ ತರಕಾರಿ ತರುತ್ತಾನೆ. ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸುತ್ತಾನೆ. ನಾಯಿ ಮೂಲಂಗಿ ಮೂಸುತ್ತದೆ. ಹಳದಿ ಬ್ಯಾಡ್ಜು ಕೊರಳಿಗೆ ಬೀಳುತ್ತದೆ. ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರೆ, ಅಕ್ಕ ನೀಲಿ ಬಾಗಿಲಲ್ಲಿ, ಹೊಸ್ತಿಲ ಒಳಗೆ ನಿಂತಿರುತ್ತಾಳೆ.

“ಅದನ್ನ ಬಿಚ್ಚಿ ಹೊರಗಿಡು. ಆಮೇಲೆ ಬಾ.”

ಅದಕ್ಕೆಂದೇ ಅವಳು ಬಾಗಿಲ ಹೊರಗೆ ಒಂದು ಮೊಳೆ ಹೊಡೆದಿದ್ದಾಳೆ. ಹಿಂದಿನ ವಾರ ಅವನು ಬ್ಯಾಡ್ಜನ್ನು ಮೊಳೆಗೆ ತೂಗುಹಾಕಿ, ಒಳಗೆ ಕೂತು, ಮಂಡಿ ನೀವಿಕೊಳ್ಳುತ್ತ ಎಂದ: “ಅವತ್ತು ಆ ದಾರ ಅವರ ಕೊರಳಿಗೆ ಹಾಕಿಬಿಡ್ಬೇಕಿತ್ತು ಅಕ್ಕ. ಇವತ್ತು ನೀನು ಪೇಟೆಗೆ ಹೋಗಿ ಬರ್ತಿದ್ದೆ.”

ಅಕ್ಕ ಚೀಲದಿಂದ ಬಟಾಣಿ ಸುರಿದುಕೊಂಡಳು. “ನಾನಾಗಿದ್ರೂ ಹಾಕ್ತಿರ್ಲಿಲ್ಲ ಕಣೋ.”

“ಅದು ತಪ್ಪೇ ಆಗಿದ್ರೂ?”

“ತಪ್ಪೇ. ಅದಕ್ಕೇ ಇಬ್ಬರೂ ಹಿಂಗಿದ್ದೀವಿ. ಸುಲಿ.”

ಇಬ್ಬರೂ ಸುಲಿದರು. ಕೆಳಗಿನಿಂದ ಸಂದರ್ಶಕರ ಸಮಯ ಮುಗಿಯಿತೆಂದು ಸೈರನ್ನು ಕೂಗಿತು. ಹೊಸ್ತಿಲಪ್ಪ ಮಂಡಿ ಹಿಡಿದುಕೊಂಡು ಎದ್ದ, ಹೊರಗೆ ಬಂದು ಮೊಳೆಯಿಂದ ಬ್ಯಾಡ್ಜು ತೆಗೆದು ಕೊರಳಿಗೆ ಹಾಕಿಕೊಂಡ. ಅಕ್ಕ ಬಾಗಿಲವರೆಗೆ ಬಂದಳು. ಕಾಲ ಬೆರಳುಗಳು ಹೊಸ್ತಿಲಿಗೆ ತಾಗಿದ್ದವು, ದಾಟಿರಲಿಲ್ಲ.

“ಮುಂದಿನ ವಾರ ಕೊತ್ತಂಬರಿ ಮರೀಬೇಡ,” ಎಂದಳು.